ಕರ್ತೃವೂ ಕ್ರಿಯೆಯೂ: ಎರಡು ಭಾಷೆಗಳ ನಡೆ

ಕುಂದಾಪುರದಿಂದ ಬೈಂದೂರಿಗೆ ಕಡಲಿನ ಮಗ್ಗುಲಲ್ಲಿ ಸಾಗುವ ದಾರಿಯಲ್ಲಿ ಕಿರಿಮಂಜೇಶ್ವರವೆಂಬ ಊರುಂಟು. ಅಗಸ್ತ್ಯೇಶ್ವರನ ದೇವಾಲಯದಿಂದ ಪ್ರಸಿದ್ಧವಾದ ಈ ಊರಿನ ಬಾಲಕನೊಬ್ಬನು ತೀರದಲ್ಲಿ ನಿಂತು, ‘ನಾಲ್ಕ್ ದೋಣಿ ಬಂತ್’ ಎನ್ನುತ್ತಾನೆಂದು ಭಾವಿಸೋಣ. ಆ ಮಾತಿನಲ್ಲಿ ದೋಷವೇನೂ ಇಲ್ಲ. ಆದರೆ ಅವನೇ ಪಾಠಶಾಲೆಯಲ್ಲಿ ಕುಳಿತು, ನಾಲ್ಕು ದೋಣಿಗಳಿಗೆ ಇಂಗ್ಲಿಷಿನ ಏಕವಚನದ ‘ಕಮ್ಸ್’ ಎಂಬ ಕ್ರಿಯಾಪದವನ್ನು ಹೊಂದಿಸಿದನೆಂದರೆ ಉಪಾಧ್ಯಾಯರ ಕೆಂಪು ಮಸಿ ಅದರ ಮೇಲೆ ಬೀಳುತ್ತದೆ. ನಮ್ಮ ನುಡಿಗೆ ವ್ಯಾಕರಣದ ಕಟ್ಟು ಸಾಲದು, ಅದರಿಂದಲೇ ಹುಡುಗರು ಹೀಗೆ ಎಡವುತ್ತಾರೆ ಎಂಬ ಮಾತು ವಿದ್ಯಾವಂತರ ಬಾಯಿಂದಲೂ ಬರುವುದುಂಟು. ಈ ತೀರ್ಪು ನ್ಯಾಯವಾದುದೇ ಎಂಬುದನ್ನು ಎರಡು ಭಾಷೆಗಳ ಚರಿತ್ರೆಯನ್ನೇ ಸಾಕ್ಷಿಗೆ ಕರೆದು ವಿಚಾರಿಸೋಣ.

ಮೊದಲು ಕನ್ನಡದ ಸಾಕ್ಷ್ಯ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ, ಕ್ರಿಯಾಪದಕ್ಕೆಂದೇ ಆಖ್ಯಾತ ಪ್ರಕರಣವನ್ನು ಮೀಸಲಿಟ್ಟನು. ಪ್ರಥಮಪುರುಷಕ್ಕೆ ಅಂ, ಅರ್. ಮಧ್ಯಮಪುರುಷಕ್ಕೆ ಅಯ್, ಇರ್. ಉತ್ತಮಪುರುಷಕ್ಕೆ ಎಂ, ಎವು ಎಂದು ಆಖ್ಯಾತ ಪ್ರತ್ಯಯಗಳನ್ನು ಅವನು ಎಣಿಸಿ ಹೇಳಿದನು. ಇವುಗಳ ಮೇಲೆ ಲಿಂಗಭೇದವೂ ಸೇರಿ, ಹೊಸಗನ್ನಡದಲ್ಲಿ ನಾವು ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು ಎಂದು ಒಂಬತ್ತು ರೂಪಗಳನ್ನು ಬಳಸುತ್ತೇವೆ. ‘ಬಂದಳು’ ಎಂದ ಮಾತ್ರದಿಂದಲೇ ಬಂದವಳು ಒಬ್ಬಳೆಂದೂ ಸ್ತ್ರೀಯೆಂದೂ ತಿಳಿಯುತ್ತದೆ. ಕರ್ತೃಪದವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಈ ಒಂಬತ್ತಕ್ಕೂ ಇಂಗ್ಲಿಷಿನಲ್ಲಿರುವುದು ‘ಕೇಮ್’ ಎಂಬ ಒಂದೇ ರೂಪ. ಕಟ್ಟು ಸಾಲದೆಂಬ ಆಕ್ಷೇಪವು ಇಲ್ಲಿಗೇ ಅರ್ಧ ಬಿದ್ದುಹೋಯಿತು.

ಇಂಗ್ಲಿಷು ಹುಟ್ಟಿನಿಂದಲೇ ಇಷ್ಟು ಬಡವಾಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಆ ಭಾಷೆಯಲ್ಲಿ ವರ್ತಮಾನಕಾಲದ ಏಕವಚನದ ಮೂರು ಪುರುಷಗಳಿಗೆ ಬೇರೆ ಬೇರೆ ಪ್ರತ್ಯಯಗಳೂ, ಬಹುವಚನಕ್ಕೆ ಮತ್ತೊಂದೂ ಇದ್ದುವು. ಪದಾಂತ್ಯದ ಅಕ್ಷರಗಳ ಉಚ್ಚಾರಣೆ ಕ್ರಮೇಣ ಸಡಿಲವಾದಂತೆ ಈ ಭೇದಗಳು ಸವೆದುವು. ಉಳಿದ ‘ಎಥ್’ ಎಂಬ ಅಂತ್ಯದ ಸ್ಥಾನಕ್ಕೆ ಉತ್ತರದೇಶದ ಆಡುಮಾತಿನ ‘ಸ್’ ಮೆಲ್ಲಮೆಲ್ಲನೆ ಬಂದು ಕುಳಿತಿತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ‘ಕಮೆಥ್’ ಎಂಬ ಹಳೆಯ ರೂಪವೇ ಉಳಿದಿದೆ. ಅದೇ ಕಾಲದ ಷೇಕ್ಸ್‌ಪಿಯರನ ನಾಟಕಗಳಲ್ಲಿ ಹಳೆಯದೂ ಹೊಸದೂ ಬೆರೆತಿವೆ. ನಮ್ಮ ಬಾಲಕನನ್ನು ಕಾಡುವ ಆ ಒಂಟಿ ‘ಸ್’ ಒಂದು ಕಾಲದ ದೊಡ್ಡ ಮನೆಯಲ್ಲಿ ಉಳಿದ ಒಂದು ಕಂಬ. ಸುತ್ತಲಿನ ಗೋಡೆಗಳು ಬಿದ್ದಿರುವುದರಿಂದಲೇ ಅದು ಅಲ್ಲೇಕೆ ನಿಂತಿದೆಯೆಂಬುದು ಅವನಿಗೆ ತಿಳಿಯದು.

ಇಂಗ್ಲಿಷಿನ ಮಧ್ಯಮಪುರುಷದ ಕಥೆ ಇನ್ನೂ ಸ್ವಾರಸ್ಯವಾದುದು. ಒಬ್ಬನಿಗೆ ‘ದೌ’, ಹಲವರಿಗೆ ‘ಯೂ’ ಎಂಬುದು ಹಿಂದಿನ ಪದ್ಧತಿ. ಮರ್ಯಾದೆಗಾಗಿ ಒಬ್ಬನನ್ನೂ ಬಹುವಚನದಲ್ಲಿ ಕರೆಯುವ ರೂಢಿ ಬೆಳೆದು, ಸಾಮಾನ್ಯರ ಮಾತಿನಿಂದ ‘ದೌ’ ಬಹುಮಟ್ಟಿಗೆ ಮರೆಯಾಯಿತು. ಆಗ ಒಬ್ಬನಿಗೆ ‘ಯೂ ವಾಸ್’ ಎನ್ನುವುದೋ ‘ಯೂ ವರ್’ ಎನ್ನುವುದೋ ಎಂಬ ವಿವಾದ ಹುಟ್ಟಿತು. ಮುಂದೆ ಲಂಡನ್ನಿನ ಬಿಷಪ್ಪರಾದ ರಾಬರ್ಟ್ ಲೌತರು 1762ರ ತಮ್ಮ ವ್ಯಾಕರಣದಲ್ಲಿ ‘ಯೂ ವಾಸ್’ ಎಂಬುದನ್ನು ಖಂಡಿಸಿದರು. ಪದವು ಬಹುವಚನವಾದರೆ ಕ್ರಿಯೆಯೂ ಬಹುವಚನವೇ ಆಗಬೇಕು, ಎದುರಿಗಿರುವವನು ಒಬ್ಬನೇ ಆದರೂ ಸರಿ, ಎಂಬ ಈ ನಿಯಮ ನಮ್ಮವರಿಗೆ ಹೊಸದೆ? ಒಬ್ಬರೇ ಗುರುಗಳು ಬಂದರೂ ನಾವು ‘ಗುರುಗಳು ಬಂದರು’ ಎನ್ನುವೆವಲ್ಲವೆ?

ಸವೆತವು ಇಂಗ್ಲಿಷಿಗೆ ಮಾತ್ರ ತಗುಲಿದ ರೋಗವೆಂದು ನಾವು ಬೀಗಬೇಕಾಗಿಲ್ಲ. ಹಿಂದೆ ‘ಬಾರೆನು, ಬಾರನು, ಬಾರರು’ ಎಂದು ನಿಷೇಧದಲ್ಲಿಯೂ ಕರ್ತೃವನ್ನು ಅನುಸರಿಸುತ್ತಿದ್ದ ಕನ್ನಡ, ಈಗ ಎಲ್ಲರಿಗೂ ‘ಬರುವುದಿಲ್ಲ’ ಎಂಬ ಒಂದೇ ರೂಪದಿಂದ ತೃಪ್ತವಾಗಿದೆ. ಕುಂದಾಪುರದ ಸೀಮೆಯ ಆಡುಮಾತು ಪದಾಂತ್ಯದ ಉಕಾರವನ್ನು ನುಂಗಿ ‘ಅವ್ರ್ ಬಂದ್ರ್’, ‘ಅದ್ ಬಂತ್’ ಎನ್ನುತ್ತದೆ. ಸ್ವರ ಹೋದರೂ ಪುರುಷ, ಲಿಂಗ, ವಚನಗಳ ಭೇದ ಉಳಿದಿದೆ. ದೋಣಿಯಂತಹ ನಪುಂಸಕ ಪದಗಳಲ್ಲಿ ಮಾತ್ರ, ‘ನಾಲ್ಕು’ ಎಂಬ ಸಂಖ್ಯೆಯೇ ಬಹುತ್ವವನ್ನು ಹೇಳಿಬಿಡುವುದರಿಂದ, ನಾಮಪದವೂ ಕ್ರಿಯೆಯೂ ಏಕವಚನದಲ್ಲಿ ನಿಂತರೆ ಆಡುಮಾತು ಆಕ್ಷೇಪಿಸದು. ಬಾಲಕನ ತಪ್ಪಿನ ಮೂಲ ಇದು. ಅವನು ನಿಯಮವನ್ನು ಮೀರಲಿಲ್ಲ. ತನ್ನ ಭಾಷೆಯ ನಿಯಮವನ್ನು ಇನ್ನೊಂದು ಭಾಷೆಯಲ್ಲಿ ಪಾಲಿಸಿದನು.

1799ರಲ್ಲಿ ಕನ್ನಡ ಕರಾವಳಿಯು ಕಂಪನಿಯ ಆಡಳಿತಕ್ಕೆ ಸೇರಿತು. ಅನಂತರ ಕಲಿಯುವ ಸರದಿ ಪರದೇಶೀಯರದಾಯಿತು. 1817ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರೂ, 1820ರಲ್ಲಿ ಮದರಾಸಿನಲ್ಲಿ ಮೆಕೆರೆಲ್ಲರೂ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣಗಳನ್ನು ಪ್ರಕಟಿಸಿದರು. ಕಿಟ್ಟೆಲರು 1872ರಲ್ಲಿ ಮಂಗಳೂರಿನಿಂದ ಕೇಶಿರಾಜನ ಗ್ರಂಥವನ್ನು ಹೊರತಂದು, 1903ರಲ್ಲಿ ತಮ್ಮದೇ ವ್ಯಾಕರಣವನ್ನು ಅಚ್ಚುಮಾಡಿಸಿದರು. ಕನ್ನಡವು ತಮ್ಮ ನುಡಿಯಂತೆ ನಡೆಯಲಿಲ್ಲವೆಂದು ಅವರು ಅದನ್ನು ಕೈಬಿಡಲಿಲ್ಲ. ಅದು ಹೇಗೆ ನಡೆಯುತ್ತದೆಂಬುದನ್ನು ಶ್ರಮದಿಂದ ಅರಿತುಕೊಂಡರು.

ಅಷ್ಟು ಸೌಜನ್ಯವನ್ನು ನಮ್ಮ ಮಕ್ಕಳ ನುಡಿಗೂ ನಾವು ತೋರಬೇಕು. ಇಂಗ್ಲಿಷಿನ ‘ಸ್’ ಅನ್ನು ಕಲಿಸಲೇಬೇಕು. ಕೆಂಪು ಮಸಿಯೂ ಬೇಡವೆನ್ನುವುದಿಲ್ಲ. ಆದರೆ ಮಸಿಯ ಗೆರೆ ಎಳೆಯುವ ಮೊದಲು, ‘ಮಗು, ನಮ್ಮಲ್ಲಿ ಹೀಗೆ, ಅವರಲ್ಲಿ ಹಾಗೆ’ ಎಂದು ಒಂದು ಮಾತು ಹೇಳಿದರೆ ಸಾಕು. ತಾನು ದಡ್ಡನೆಂಬ ಭಾವನೆ ಹುಡುಗನಿಂದ ದೂರವಾಗುವುದು. ಎರಡು ಭಾಷೆಗಳೂ ಅವನಿಗೆ ಒಮ್ಮೆಗೇ ತಿಳಿಯುವುವು.