ತಿಂಖುಂಡ್ಲ

ಆಫ್ರಿಕಾದ ಎಸ್ವಾತಿನಿಯಲ್ಲಿ (2018ರವರೆಗೆ ಸ್ವಾಜಿಲ್ಯಾಂಡ್) ಸಂಸತ್ ಕ್ಷೇತ್ರಕ್ಕೆ ಇಂಖುಂಡ್ಲ ಎನ್ನುತ್ತಾರೆ. ಹಲವಾದರೆ ತಿಂಖುಂಡ್ಲ. ನಮ್ಮ ‘ಗಳು’ ಪದದ ಬಾಲಕ್ಕೆ ಅಂಟಿದರೆ ಅಲ್ಲಿನ ಸಿಸ್ವಾತಿ ಭಾಷೆಯ ಬಹುವಚನ ತಲೆಗೇರುತ್ತದೆ. ನೆರೆಯ ಜುಲುವಿನಲ್ಲಿ ಇದೇ ಜೋಡಿ ಇಂಕುಂಡ್ಲ, ಇಜಿಂಕುಂಡ್ಲ.

ಪದದ ಹಳೆಯ ನೆಲೆ ದನದ ದೊಡ್ಡಿಯ ಮುಂದಿನ ಬಯಲು. ಊರಿನವರು ಸೇರಿ ವ್ಯಾಜ್ಯ ಬಿಡಿಸುತ್ತಿದ್ದ ಅಂಗಳ. ಜುಲು, ಷೋಸಾ ಭಾಷೆಗಳಲ್ಲಿ ಅದು ನ್ಯಾಯಾಲಯವೂ ಆಯಿತು. 1940ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ಜೋರ್ಡನ್ ಎನ್‌ಗುಬಾನೆ ಸಂಪಾದಿಸಿದ ‘ಇಂಕುಂಡ್ಲ ಯಾ ಬಾಂಟು’ ಪತ್ರಿಕೆಗೆ ಈ ಹೆಸರು ಒಪ್ಪಿದ್ದು ಜನರ ಚಾವಡಿ ಎಂಬ ಅರ್ಥದಲ್ಲಿ. ಸ್ವಾಜಿಲ್ಯಾಂಡಿನ ದೊರೆ ಎರಡನೇ ಸೊಭುಜಾ 1950ರ ದಶಕದಲ್ಲಿ ಹಲವು ಪಾಳೆಯಗಳನ್ನು ಒಟ್ಟುಗೂಡಿಸಿದ ಆಡಳಿತ ಘಟಕಕ್ಕೆ ಇದೇ ಹೆಸರನ್ನು ಬಳಸಿದ. ಅಂಗಳ ಹೋಬಳಿಯಾಯಿತು ಅನ್ನಿ.

ಹೋಬಳಿ ಮತಕ್ಷೇತ್ರವಾದ ಕಥೆಯ ಬೇರು ಎಂಪುಮಲಂಗ ಎಂಬ ಕ್ಷೇತ್ರದಲ್ಲಿದೆ. 1967ರ ಚುನಾವಣೆಯ ಹೊತ್ತಿಗೆ ದೇಶದಲ್ಲಿ ತಲಾ ಮೂವರನ್ನು ಆರಿಸುವ 8 ಕ್ಷೇತ್ರಗಳಿದ್ದವು. ಆ ಸಲ 24 ಸ್ಥಾನಗಳೂ ದೊರೆಯ ಪಕ್ಷ ಇಂಬೊಕೊಡ್ವೊ ಪಾಲಾದವು. ವಿರೋಧ ಪಕ್ಷ ಎನ್‌ಎನ್‌ಎಲ್‌ಸಿಗೆ ಐದರಲ್ಲೊಂದು ಪಾಲಿನಷ್ಟು ಮತ ಬಿದ್ದರೂ ಒಂದು ಕುರ್ಚಿಯೂ ದಕ್ಕಲಿಲ್ಲ. 1972ರಲ್ಲಿ ಮಾತ್ರ ಕಬ್ಬು ಸೀಮೆಯ ಎಂಪುಮಲಂಗದ ಮೂರು ಸ್ಥಾನಗಳೂ ಅದಕ್ಕೆ ಸಿಕ್ಕವು. 24ರಲ್ಲಿ ಮೂರು! ಅಷ್ಟನ್ನೂ ಅರಮನೆ ಸಹಿಸಲಿಲ್ಲ. ಗೆದ್ದವರಲ್ಲಿ ಒಬ್ಬರಾದ ಭೆಕಿಂಡ್ಲೆಲಾ ಎನ್‌ಗ್ವೆನ್ಯಾ ದಕ್ಷಿಣ ಆಫ್ರಿಕಾದವರೆಂದು ಸರ್ಕಾರ ಅವರನ್ನು ಗಡೀಪಾರು ಮಾಡಿತು. ಅವರು ಸ್ವಾಜಿ ಪ್ರಜೆಯೇ ಎಂದು ಹೈಕೋರ್ಟು ಹೇಳಿದಾಗ ಸರ್ಕಾರ ಕಾನೂನನ್ನೇ ತಿದ್ದಿತು. ಮೇಲ್ಮನವಿ ನ್ಯಾಯಾಲಯ ಆ ತಿದ್ದುಪಡಿಯನ್ನೂ ತಳ್ಳಿಹಾಕಿತು. ಕೆಲವೇ ದಿನಗಳಲ್ಲಿ, 1973ರ ಏಪ್ರಿಲ್ 12ರಂದು, ದೊರೆ ಸಂವಿಧಾನವನ್ನು ರದ್ದುಮಾಡಿ ಪಕ್ಷಗಳನ್ನು ನಿಷೇಧಿಸಿದ.

ಪಕ್ಷಗಳು ಖಾಲಿಮಾಡಿದ ಜಾಗಕ್ಕೆ ಬಂದು ಕೂತದ್ದು ಈ ಹಳೆಯ ಪದ. 1978ರಲ್ಲಿ 40 ತಿಂಖುಂಡ್ಲಗಳಲ್ಲಿ ನಡೆದ ಚುನಾವಣೆಯಲ್ಲಿ ಗುಟ್ಟಿನ ಮತವಿರಲಿಲ್ಲ, ಪ್ರಚಾರವೂ ಇರಲಿಲ್ಲ. ತನಗೆ ಬೇಕಾದವನ ಗೇಟಿನ ಮೂಲಕ ಎಲ್ಲರೆದುರಿಗೇ ಹಾದುಹೋದರೆ ಅದೇ ಮತ. ಹಾಗೆ ಆರಿಸಿಬಂದ 80 ಮಂದಿ ಸೇರಿ 40 ಸಂಸದರನ್ನು ಆರಿಸಿದರು. ಚಾವಡಿಯಲ್ಲಿ ಮುಚ್ಚುಮರೆ ಯಾಕೆ ಎಂಬ ಸಮರ್ಥನೆ ಕೇಳಲು ಚೆಂದ. ಆದರೆ ಜಮೀನು ಹಂಚುವ ಅಧಿಕಾರವಿರುವ ಪಾಳೆಯದ ಮುಖ್ಯಸ್ಥನ ಕಣ್ಣೆದುರು ಗೇಟು ಆರಿಸಿಕೊಳ್ಳುವುದು ಹಳ್ಳಿಗನಿಗೆ ಎಷ್ಟು ಸಲೀಸಾಗಿತ್ತೋ!

ನೇರ ಚುನಾವಣೆ, ಗುಪ್ತ ಮತದಾನ ಬಂದದ್ದು 1993ರಲ್ಲಿ. ಕ್ಷೇತ್ರಗಳು 55ಕ್ಕೆ, 2018ರಲ್ಲಿ 59ಕ್ಕೆ ಏರಿದವು. ನಾಮನಿರ್ದೇಶನ ಇಂದಿಗೂ ಪಾಳೆಯದ ಮಟ್ಟದಲ್ಲೇ. ಉಮೇದುವಾರ ನಿಲ್ಲುವುದು ಪಕ್ಷದ ಹೆಸರಿಲ್ಲದೆ. 2005ರ ಸಂವಿಧಾನ ಇಡೀ ಸರ್ಕಾರವನ್ನೇ ‘ತಿಂಖುಂಡ್ಲ ಆಧಾರಿತ’ ಎಂದು ಕರೆಯಿತು. ಹೀಗೆ ಬಹುವಚನ ರೂಪವೇ ಒಂದು ವ್ಯವಸ್ಥೆಯ ಹೆಸರಾಗಿ ನಿಂತಿತು. ಪ್ರಜಾಪ್ರಭುತ್ವ ಕೇಳುವವರ ಬಾಯಲ್ಲಿ ಅದೇ ಪದ ಬೈಗುಳ.

2021ರಲ್ಲಿ ಪ್ರಧಾನಿಯನ್ನು ಜನರೇ ಆರಿಸಬೇಕೆಂಬ ಕೂಗಿಗೆ ದನಿಗೂಡಿಸಿದ ಸಂಸದರು ಈ ತಿಂಖುಂಡ್ಲಗಳಿಂದಲೇ ಗೆದ್ದುಬಂದವರು. ಅವರಲ್ಲಿ ಹೊಸಿಯಾ ಇಂಖುಂಡ್ಲದ ಎಂಡುಡುಜಿ ಮಬುಜಾ ಅವರಿಗೆ 2024ರ ಜುಲೈನಲ್ಲಿ 25 ವರ್ಷ, ಎನ್‌ಗ್ವೆಂಪಿಸಿಯ ಎಂಥಾಂಡೆನಿ ಡುಬೆ ಅವರಿಗೆ 18 ವರ್ಷ ಜೈಲು ಶಿಕ್ಷೆಯಾಯಿತು.