ಯುವ ಫುಟ್‌ಬಾಲ್ ಆಟಗಾರರ ರಾಷ್ಟ್ರೀಯ ತಂಡದ ಸಿದ್ಧತೆಯ ಮೌಲ್ಯಮಾಪನ

ಯುವ ಫುಟ್‌ಬಾಲ್ ಆಟಗಾರರ ಸಿದ್ಧತೆಯ ಮೌಲ್ಯಮಾಪನ ಎಂದರೆ ಶಾಲೆ, ಕ್ಲಬ್ ಅಥವಾ ವಯೋಮಿತಿ ತಂಡಗಳಲ್ಲಿ ಆಡುತ್ತಿರುವ ಬಾಲಕ ಬಾಲಕಿಯರು ರಾಷ್ಟ್ರೀಯ ತಂಡದಲ್ಲಿ ಆಡಲು ಯಾವಾಗ ತಕ್ಕವರಾಗುತ್ತಾರೆ ಎಂಬುದನ್ನು ತರಬೇತುದಾರರು, ಆಯ್ಕೆದಾರರು ಮತ್ತು ವೈದ್ಯರು ಸೇರಿ ನಿರ್ಣಯಿಸುವ ಕ್ರಮ. ಚೆಂಡಿನ ಮೇಲಿನ ಹಿಡಿತ, ಆಟದ ತಿಳಿವಳಿಕೆ, ದೇಹಬಲ, ಮನೋಬಲ, ನಿಜವಾದ ವಯಸ್ಸು ಮತ್ತು ಆರೋಗ್ಯ ಇದರ ಮುಖ್ಯ ಅಂಶಗಳು. ಪ್ರತಿಭೆ ಮತ್ತು ಸಿದ್ಧತೆ ಒಂದೇ ಅಲ್ಲ. ಪ್ರತಿಭೆಯು ಮುಂದೆ ಆಗಬಹುದಾದುದನ್ನು ಸೂಚಿಸಿದರೆ, ಸಿದ್ಧತೆಯು ಈಗ ಆಗಬಲ್ಲುದನ್ನು ಸೂಚಿಸುತ್ತದೆ. ಈ ಎರಡನ್ನೂ ಬೆರೆಸಿದಾಗ ಬೇಗ ಬೆಳೆದ ಮಕ್ಕಳು ಅಕಾಲದಲ್ಲಿ ಮುಂದೆ ಬರುತ್ತಾರೆ, ತಡವಾಗಿ ಬೆಳೆಯುವವರು ಕಣ್ಣಿಗೆ ಬೀಳದೆ ಉಳಿಯುತ್ತಾರೆ.

ಹಿನ್ನೆಲೆ

ಕರ್ನಾಟಕದಿಂದ ರಾಷ್ಟ್ರೀಯ ತಂಡಕ್ಕೆ ಆಟಗಾರರು ಹೋದ ಪರಂಪರೆ ಹಳೆಯದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2 ಗೋಲುಗಳಿಂದ ಸೋತ ಪಂದ್ಯದಲ್ಲಿ ಭಾರತದ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1952ರ ಒಲಿಂಪಿಕ್ಸ್‌ನಲ್ಲಿಯೂ ಆಡಿದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಆ ಕಾಲದಲ್ಲಿ ಆಯ್ಕೆದಾರರು ಬಹುಮಟ್ಟಿಗೆ ಸಂತೋಷ್ ಟ್ರೋಫಿ ಮತ್ತು ದೊಡ್ಡ ಕ್ಲಬ್ ಪಂದ್ಯಗಳನ್ನು ನೋಡಿಯೇ ತೀರ್ಮಾನಿಸುತ್ತಿದ್ದರು. ಆದ್ದರಿಂದ ಆಟಗಾರನು ಹಿರಿಯರ ಪಂದ್ಯಗಳಲ್ಲಿ ತನ್ನನ್ನು ತೋರಿಸಿಕೊಂಡ ಮೇಲೆಯೇ ಅವನ ಹೆಸರು ಪರಿಗಣನೆಗೆ ಬರುತ್ತಿತ್ತು.

1987ರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ಆರಂಭವಾದ ಬಳಿಕ ಹದಿಹರೆಯದಲ್ಲಿಯೇ ಆಟಗಾರರನ್ನು ಆರಿಸಿ, ವಸತಿಯೊಡನೆ ತರಬೇತಿ ನೀಡುವ ಪದ್ಧತಿ ಬೇರೂರಿತು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಈ ಅಕಾಡೆಮಿಯಲ್ಲಿ ಪಳಗಿ ಮುಂದೆ ಭಾರತ ತಂಡದ ನಾಯಕರಾದರು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ತನ್ನದೇ ಯುವ ತಂಡಗಳನ್ನು ಕಟ್ಟಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ತಂಡವು 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಗೆದ್ದಿತು.

ಆಯ್ಕೆಯ ಹಂತಗಳು

ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಎಂಬ ಕ್ರಮದಲ್ಲಿ ನಡೆಯುತ್ತವೆ. 1960ರಲ್ಲಿ ಆರಂಭವಾದ ಸುಬ್ರೊತೋ ಕಪ್ ಶಾಲಾ ತಂಡಗಳ ರಾಷ್ಟ್ರೀಯ ಪಂದ್ಯಾವಳಿ. ಇದಕ್ಕೆ ಸಮಾನಾಂತರವಾಗಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯು ರಾಜ್ಯದ ಸಬ್ ಜೂನಿಯರ್ ಮತ್ತು ಜೂನಿಯರ್ ತಂಡಗಳನ್ನು ಆರಿಸಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಗೆ ಕಳುಹಿಸುತ್ತದೆ. ಅಲ್ಲಿ ಗಮನ ಸೆಳೆದವರನ್ನು 1937ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ವಯೋಮಿತಿ ಶಿಬಿರಗಳಿಗೆ ಕರೆಯುತ್ತದೆ. 2023ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ಫಿಫಾ ನೆರವಿನ ಪ್ರತಿಭಾ ಅಕಾಡೆಮಿಯೂ ಉದ್ಘಾಟನೆಯಾಯಿತು. ಭಾರತದ ಪರ ಆಡಲು ಭಾರತೀಯ ಪಾಸ್‌ಪೋರ್ಟ್ ಕಡ್ಡಾಯ.

ಮೌಲ್ಯಮಾಪನದ ಅಂಶಗಳು

ತಾಂತ್ರಿಕ ಕೌಶಲ: ಚೆಂಡನ್ನು ಮೊದಲ ಸ್ಪರ್ಶದಲ್ಲಿಯೇ ಹತೋಟಿಗೆ ತರುವುದು, ಎರಡೂ ಕಾಲುಗಳ ಬಳಕೆ ಮತ್ತು ಪಾಸ್‌ನ ನಿಖರತೆಯನ್ನು ಗಮನಿಸಲಾಗುತ್ತದೆ. ಎದುರಾಳಿಯಿಲ್ಲದ ಅಭ್ಯಾಸದಲ್ಲಿ ಕಾಣುವ ಕೌಶಲಕ್ಕಿಂತ ಒತ್ತಡದ ನಡುವೆ ಉಳಿಯುವ ಕೌಶಲಕ್ಕೆ ಹೆಚ್ಚು ಬೆಲೆ.

ಆಟದ ತಿಳಿವಳಿಕೆ: ಚೆಂಡು ಬರುವ ಮೊದಲೇ ಸುತ್ತ ನೋಡುವುದು, ಖಾಲಿ ಜಾಗವನ್ನು ಗುರುತಿಸುವುದು, ಚೆಂಡು ಕಳೆದುಕೊಂಡ ಕ್ಷಣದಲ್ಲಿ ಸರಿಯಾದ ಸ್ಥಾನಕ್ಕೆ ಮರಳುವುದು ಇದರಲ್ಲಿ ಸೇರುತ್ತವೆ. ಇದನ್ನು ಅಳೆಯಲು ಸರಳ ಮಾಪನವಿಲ್ಲದ ಕಾರಣ, ಒಬ್ಬ ಆಟಗಾರನನ್ನು ಹಲವು ಪಂದ್ಯಗಳಲ್ಲಿ, ಬೇರೆ ಬೇರೆ ವೀಕ್ಷಕರು ನೋಡುವುದು ಅಗತ್ಯ.

ದೇಹಬಲ: ಕಿರು ದೂರದ ಓಟ, ದಿಕ್ಕು ಬದಲಿಸುವ ವೇಗ, ಜಿಗಿತ ಮತ್ತು ಮತ್ತೆ ಮತ್ತೆ ಓಡುವ ತ್ರಾಣವನ್ನು ಅಳೆಯಲಾಗುತ್ತದೆ. ತ್ರಾಣವನ್ನು ಅಳೆಯಲು ಯೋ-ಯೋ ಪರೀಕ್ಷೆ ಬಳಕೆಯಲ್ಲಿದೆ. ಇದರಲ್ಲಿ ಆಟಗಾರನು 20 ಮೀಟರ್ ಅಂತರವನ್ನು ಏರುವ ವೇಗದಲ್ಲಿ ಹೋಗಿ ಬರುತ್ತಾ, ನಡುವೆ ಕಿರು ವಿರಾಮ ಪಡೆಯುತ್ತಾನೆ.

ಮನೋಬಲ: ತಪ್ಪಿನ ನಂತರದ ವರ್ತನೆ, ಮೀಸಲು ಆಟಗಾರನಾಗಿ ಕುಳಿತಾಗಿನ ಸಹನೆ, ಮನೆಯಿಂದ ದೂರವಿದ್ದು ಕಲಿಯುವ ಶಕ್ತಿ ಮುಖ್ಯವಾಗುತ್ತವೆ.

ಹಿರಿಯರ ಪಂದ್ಯಗಳ ಅನುಭವ: ವಯೋಮಿತಿ ಪಂದ್ಯದಲ್ಲಿ ವೇಗದಿಂದಲೇ ಗೆಲ್ಲುವ ಆಟಗಾರನಿಗೆ ಹಿರಿಯರ ನಡುವೆ ಆ ಅನುಕೂಲ ಉಳಿಯುವುದಿಲ್ಲ. ಹಾಗಾಗಿ ಹಿರಿಯರ ಲೀಗ್‌ನಲ್ಲಿ ಆಡಿದ ನಿಮಿಷಗಳು ಸಿದ್ಧತೆಯ ಬಲವಾದ ಸೂಚನೆಯೆನಿಸಿವೆ.

ವಯಸ್ಸು ಮತ್ತು ಬೆಳವಣಿಗೆ

ಬಾಲಕರಲ್ಲಿ ಎತ್ತರ ಅತಿ ವೇಗವಾಗಿ ಹೆಚ್ಚುವುದು ಸುಮಾರು 14ನೆಯ ವರ್ಷದಲ್ಲಿ, ಬಾಲಕಿಯರಲ್ಲಿ ಸುಮಾರು 12ನೆಯ ವರ್ಷದಲ್ಲಿ. ಆದರೆ ಒಂದೇ ವಯಸ್ಸಿನ ಇಬ್ಬರು ಮಕ್ಕಳ ದೈಹಿಕ ಬೆಳವಣಿಗೆಯಲ್ಲಿ ಹಲವು ವರ್ಷಗಳ ಅಂತರವಿರಬಹುದು. ವಯೋಮಿತಿಯನ್ನು ಜನವರಿ 1ರಿಂದ ಎಣಿಸುವ ಪಂದ್ಯಾವಳಿಗಳಲ್ಲಿ ಜನವರಿಯಲ್ಲಿ ಹುಟ್ಟಿದವನು ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಇದರಿಂದ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುವುದನ್ನು ಸಾಪೇಕ್ಷ ವಯಸ್ಸಿನ ಪರಿಣಾಮ ಎನ್ನುತ್ತಾರೆ. ಇದನ್ನು ತಗ್ಗಿಸಲು ಕೆಲವು ದೇಶಗಳ ಅಕಾಡೆಮಿಗಳು ಹುಟ್ಟಿದ ವರ್ಷದ ಬದಲು ದೈಹಿಕ ಬೆಳವಣಿಗೆಯ ಆಧಾರದಲ್ಲಿ ಮಕ್ಕಳನ್ನು ಗುಂಪು ಮಾಡಿ ಆಡಿಸುವ ಪ್ರಯೋಗ ನಡೆಸಿವೆ.

ದಾಖಲೆಯ ವಯಸ್ಸು ಮತ್ತೊಂದು ಸಮಸ್ಯೆ. ಗ್ರಾಮೀಣ ಕರ್ನಾಟಕದ ಹಿಂದಿನ ತಲೆಮಾರುಗಳಲ್ಲಿ ಶಾಲೆಗೆ ಸೇರಿಸುವಾಗ ಅಂದಾಜಿನ ಜನ್ಮದಿನವನ್ನು ಬರೆಸುವ ರೂಢಿ ವ್ಯಾಪಕವಾಗಿತ್ತು. ಇಂದು ಜನನ ನೋಂದಣಿ ಪತ್ರದ ಜೊತೆಗೆ ಟಿಡಬ್ಲ್ಯು3 ವಿಧಾನದ ಮೂಳೆ ಪರೀಕ್ಷೆಯನ್ನು ಭಾರತದ ವಯೋಮಿತಿ ಪಂದ್ಯಾವಳಿಗಳಲ್ಲಿ ಬಳಸಲಾಗುತ್ತದೆ. ಇದರಲ್ಲಿ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಗಳ ಬೆಳವಣಿಗೆಯ ಹಂತವನ್ನು ಅಂಕಗಳಲ್ಲಿ ಗುರುತಿಸುತ್ತಾರೆ. 17 ವರ್ಷದೊಳಗಿನವರ ಪಂದ್ಯಾವಳಿಗೆ ಫಿಫಾ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆಯನ್ನು ಬಳಸುತ್ತದೆ. ಮೂಳೆಯ ವಯಸ್ಸು ಹುಟ್ಟಿದ ದಿನಾಂಕವನ್ನು ಹೇಳುವುದಿಲ್ಲ. ಬೇಗ ಬೆಳೆದ ಪ್ರಾಮಾಣಿಕ ಬಾಲಕನೂ ಇದರಲ್ಲಿ ಹೊರಗುಳಿಯುವ ಸಾಧ್ಯತೆಯಿದೆ.

2017ರ ತಂಡದ ನಿದರ್ಶನ

2017ರಲ್ಲಿ ಭಾರತವು 17 ವರ್ಷದೊಳಗಿನವರ ಫಿಫಾ ವಿಶ್ವಕಪ್‌ಗೆ ಆತಿಥ್ಯ ನೀಡಿತು. ತಂಡವು ಅಮೆರಿಕಕ್ಕೆ 0–3, ಕೊಲಂಬಿಯಾಕ್ಕೆ 1–2, ಘಾನಾಕ್ಕೆ 0–4ರಿಂದ ಸೋತಿತು. ಕೊಲಂಬಿಯಾ ವಿರುದ್ಧ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಕಾರ್ನರ್ ಕಿಕ್‌ನಿಂದ ಜೀಕ್ಸನ್ ಸಿಂಗ್ ಹೊಡೆದ ಗೋಲು ಫಿಫಾ ವಿಶ್ವಕಪ್ ಪಂದ್ಯಾವಳಿಗಳಲ್ಲಿ ಭಾರತದ ಮೊದಲ ಗೋಲು.

ಆ ತಂಡದ ನಾಯಕ ಅಮರ್‌ಜಿತ್ ಸಿಂಗ್ ಕಿಯಾಮ್ 2019ರ ಜೂನ್‌ನಲ್ಲಿ ಹಿರಿಯರ ತಂಡಕ್ಕೆ ಬಂದರು. ಜೀಕ್ಸನ್ ಸಿಂಗ್ ಮತ್ತು ಬೆಂಗಳೂರು ಎಫ್‌ಸಿಯ ಸುರೇಶ್ ಸಿಂಗ್ ವಾಂಗ್ಜಾಮ್ 2021ರ ಮಾರ್ಚ್ 25ರಂದು ಒಮಾನ್ ವಿರುದ್ಧ ಮೊದಲ ಪಂದ್ಯ ಆಡಿದರು. ಅಂದರೆ ವಿಶ್ವಕಪ್ ಮಟ್ಟದಲ್ಲಿ ಮಿಂಚಿದ ಈ ಇಬ್ಬರಿಗೂ ಹಿರಿಯರ ತಂಡ ತಲುಪಲು ಸುಮಾರು ಮೂರೂವರೆ ವರ್ಷಗಳ ಕ್ಲಬ್ ಆಟ ಬೇಕಾಯಿತು. ಅದೇ ತಂಡದ ರಕ್ಷಣಾ ಆಟಗಾರ ಅನ್ವರ್ ಅಲಿಯವರಲ್ಲಿ 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ ಆಟ ನಿಂತಿತ್ತು. ಪುನಃ ಕಣಕ್ಕಿಳಿದ ಅವರು 2022ರ ಮಾರ್ಚ್‌ನಲ್ಲಿ ಭಾರತದ ಪರ ಮೊದಲ ಬಾರಿ ಆಡಿದರು. ಹೃದಯ ತಪಾಸಣೆಯು ಮೌಲ್ಯಮಾಪನದ ಅನಿವಾರ್ಯ ಭಾಗವೆಂಬುದನ್ನು ಈ ಪ್ರಕರಣ ತೋರಿಸಿತು.

ಇದಕ್ಕೆ ಹೋಲಿಸಿದರೆ, ಬಹುಕಾಲ ಬೆಂಗಳೂರು ಎಫ್‌ಸಿ ನಾಯಕರಾಗಿದ್ದ ಸುನಿಲ್ ಛೆಟ್ರಿ 20ನೆಯ ವಯಸ್ಸಿನಲ್ಲಿ, 2005ರ ಜೂನ್‌ನಲ್ಲಿ, ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯವಾಡಿ ಗೋಲು ಹೊಡೆದರು. ಅವರು ಅದಕ್ಕೂ ಮೊದಲೇ ಕೋಲ್ಕತ್ತದ ಮೋಹನ್ ಬಗಾನ್ ಪರ ಹಿರಿಯರ ನಡುವೆ ಆಡಿದ್ದರು.

ಮಂಡ್ಯ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಬಹುಮಟ್ಟಿಗೆ ಕೃಷಿಪ್ರಧಾನ ಪ್ರದೇಶಗಳು. ಇಲ್ಲಿನ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಮತ್ತು ಅಥ್ಲೆಟಿಕ್ಸ್‌ಗಳೇ ಮುಂಚೂಣಿಯಲ್ಲಿವೆ. ರಾಜ್ಯದ ಫುಟ್‌ಬಾಲ್ ಚಟುವಟಿಕೆ ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳಿಗೆ ಬೆಂಗಳೂರು–ಮೈಸೂರು ರೈಲು ಮಾರ್ಗದ ಅನುಕೂಲವಿದೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಪಟ್ಟಣಗಳ ಮಕ್ಕಳು ಆಯ್ಕೆ ಶಿಬಿರಕ್ಕೆ ಬಸ್ಸನ್ನೇ ನೆಚ್ಚಬೇಕು.

ಇಂತಹ ಕಡೆಗಳಲ್ಲಿ ಮೌಲ್ಯಮಾಪನದ ಮೊದಲ ಹೊಣೆ ದೈಹಿಕ ಶಿಕ್ಷಣ ಶಿಕ್ಷಕರ ಮೇಲೆ ಬೀಳುತ್ತದೆ. ಒಂದೇ ದಿನದ ಆಯ್ಕೆಯಲ್ಲಿ ಪ್ರಯಾಣದ ದಣಿವು, ಅಪರಿಚಿತ ಹುಲ್ಲಿನ ಮೈದಾನ, ಹೊಸ ಬೂಟು ಮುಂತಾದವು ಆಟವನ್ನು ಕುಗ್ಗಿಸಬಹುದು. ಶಿಕ್ಷಕರು ಆರು ತಿಂಗಳಿಗೊಮ್ಮೆ ಎತ್ತರ, ತೂಕ, ಓಟದ ಸಮಯ, ಗಾಯಗಳ ವಿವರ ಮತ್ತು ಆಡಿದ ಪಂದ್ಯಗಳನ್ನು ದಾಖಲಿಸಿಟ್ಟರೆ, ಆಯ್ಕೆದಾರರಿಗೆ ಒಂದು ದಿನದ ಆಟದ ಬದಲು ವರ್ಷಗಳ ಬೆಳವಣಿಗೆ ಕಾಣಸಿಗುತ್ತದೆ. ಕಬಡ್ಡಿ ಮತ್ತು ಕೊಕ್ಕೊ ಆಟಗಳಿಂದ ಬರುವ ಚುರುಕು ಫುಟ್‌ಬಾಲ್‌ಗೂ ನೆರವಾಗುವುದರಿಂದ, ಬಾಲ್ಯದಲ್ಲಿ ಹಲವು ಆಟಗಳನ್ನು ಆಡುವುದು ಕೊರತೆಯಲ್ಲ.

ಟೀಕೆಗಳು ಮತ್ತು ಮಿತಿಗಳು

ಹದಿಹರೆಯದ ಆಟವನ್ನು ನೋಡಿ ಮುಂದಿನ ಆಟವನ್ನು ಊಹಿಸುವುದು ಅನಿಶ್ಚಿತ ಕೆಲಸ. ಬೇಗ ಆಯ್ಕೆಯಾದವರ ಓದು ಹಿಂದುಳಿಯುವುದು, ಬೆಳೆಯುವ ಮೂಳೆಗಳ ಮೇಲೆ ಅತಿಯಾದ ತರಬೇತಿಯ ಹೊರೆ ಬೀಳುವುದು, ಕೈಬಿಟ್ಟಾಗ ಮಗು ಆಟವನ್ನೇ ತೊರೆಯುವುದು ಇದರ ಅಪಾಯಗಳು. ಆದ್ದರಿಂದ ಆಯ್ಕೆಯಾಗದವರನ್ನು ಒಂದೆರಡು ವರ್ಷಗಳ ನಂತರ ಮತ್ತೆ ನೋಡುವ ಅವಕಾಶವಿರಬೇಕು, ನಿರಾಕರಣೆಯ ಕಾರಣವನ್ನು ಮಗುವಿಗೂ ಪೋಷಕರಿಗೂ ತಿಳಿಸಬೇಕು ಎಂಬುದು ಯುವ ಕ್ರೀಡಾ ತರಬೇತಿಯಲ್ಲಿ ಮನ್ನಣೆ ಪಡೆದಿರುವ ನಿಲುವು.