ಮೇಳ ಬಿಡುವವನ ಹೊಣೆ: ಗೀಗೀ ಹಿಮ್ಮೇಳದ ಕಡೆಯಿಂದ ಒಂದು ಟಿಪ್ಪಣಿ

ದೇವರ ಹಿಪ್ಪರಗಿ, ಸಿಂದಗಿ, ಇಂಡಿ ಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುವ ಹರದೇಶಿ–ನಾಗೇಶಿ ಹಾಡಿಕೆಗೆ ಎರಡು ಮೇಳಗಳು ಬೇಕು. ಹರದೇಶಿಯವರು ಶಿವನ, ಗಂಡಿನ ಹೆಚ್ಚಳವನ್ನು ಹಾಡಿದರೆ ನಾಗೇಶಿಯವರು ಶಕ್ತಿಯ, ಹೆಣ್ಣಿನ ಪಕ್ಷ ಹಿಡಿಯುತ್ತಾರೆ. ಇಂಥ ಮೇಳ ಕಟ್ಟಿದವನು ಬೇಸತ್ತೋ, ಬೇರೆ ಕಡೆ ಹೆಚ್ಚು ಗಳಿಕೆ ಕಂಡೋ ಬಿಟ್ಟುಹೋದರೆ ಜೊತೆಗಾರರಿಗೆ ಅನ್ಯಾಯವಾಗುತ್ತದೆಯೇ?

ಉತ್ತರವನ್ನು ಹಾಡುವ ಕ್ರಮದಲ್ಲೇ ಹುಡುಕಬೇಕು. ದಪ್ಪು ಹಿಡಿದ ಮುಂದಿನವನು ನುಡಿ ಎತ್ತುತ್ತಾನೆ. ತುಂತುಣಿ, ತಾಳದವರು ಅದರ ಕೊನೆಯನ್ನು ಹಿಡಿದು ‘ಗೀಗೀ’ ಎಂದು ಎಳೆಯುತ್ತಾರೆ. ಆ ಎಳೆತದ ಹೊತ್ತಿನಲ್ಲೇ ಮುಂದಿನವನಿಗೆ ಉಸಿರು ಸಿಗುವುದು, ಎದುರು ಮೇಳದ ಸವಾಲಿಗೆ ಜವಾಬು ಹೊಳೆಯುವುದು. ಆದರೆ ಲಾವಣಿಯ ಅಂಕಿತದಲ್ಲಿ ನಿಲ್ಲುವುದು ಕವಿಯ ಹೆಸರು, ಗುರುವಿನ ಹೆಸರು, ಊರಿನ ಹೆಸರು. ಹಿಮ್ಮೇಳದವನ ಹೆಸರಿಗೆ ಅಲ್ಲಿ ಜಾಗವಿಲ್ಲ. ಮುಂದಿನವನ ಕೀರ್ತಿಯಲ್ಲಿ ಇವರ ದುಡಿಮೆಯೂ ಸೇರಿದೆ, ಅದು ಅವನ ಮೇಲಿರುವ ಸಾಲ ಎಂದೇ ನನ್ನ ತಿಳಿವಳಿಕೆ.

ಹಾಗೆಂದು ಮೇಳವನ್ನು ಕೊನೆಯವರೆಗೂ ನಡೆಸಲೇಬೇಕೆಂದು ಯಾರನ್ನೂ ಕಟ್ಟಿಹಾಕಲಾಗದು. ಎಷ್ಟೋ ಮೇಳಗಳವರಿಗೆ ಹೊಲವೋ ಕೂಲಿಯೋ ಇರುತ್ತದೆ. ಹಾಡಿಕೆ ನಿಂತ ಮಾತ್ರಕ್ಕೆ ಅವರ ಒಲೆ ಆರುವುದಿಲ್ಲ. ವೃತ್ತಿನಾಟಕ ಕಂಪನಿಯ ಮಾತು ಬೇರೆ. ಅಲ್ಲಿ ಊಟ, ವಸತಿ, ಸಂಬಳ ಎಲ್ಲವೂ ಮಾಲೀಕನ ಕೈಯಲ್ಲಿ. 1884ರಲ್ಲಿ ಹಲವರು ಕೂಡಿ ಕಟ್ಟಿದ ಗುಬ್ಬಿ ಕಂಪನಿ 1917ರಲ್ಲಿ ವೀರಣ್ಣನವರ ಒಡೆತನಕ್ಕೆ ಬಂತು. ಒಡೆತನ ಒಬ್ಬರದಾದಾಗ ನಟರ ಸಂಸಾರಗಳ ಭಾರವೂ ಅವರದೇ ಆಗುತ್ತದೆ.

ಈ ಭಾರ ಎಲ್ಲಕ್ಕಿಂತ ಹೆಚ್ಚಿದ್ದುದು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಪಂಚಾಕ್ಷರಿ ಗವಾಯಿಗಳ ಸುತ್ತ ನೆರೆದವರಲ್ಲಿ ಅನೇಕರು ಅಂಧ ಮಕ್ಕಳು, ಬೇರೆ ಆಸರೆ ಇಲ್ಲದವರು. ಅವರ ಅನ್ನಕ್ಕೂ ವಿದ್ಯೆಗೂ ಆಶ್ರಮದವರು ಆಡುತ್ತಿದ್ದ ನಾಟಕದ ಗಳಿಕೆ ಆಧಾರವಾಗಿತ್ತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಬಳಗವನ್ನು ಚೆದುರಲು ಬಿಡಲಿಲ್ಲ. ಕೈಬಿಟ್ಟರೆ ಹೋಗಲು ಬೇರೆ ನೆಲೆ ಇಲ್ಲದವರಿದ್ದಾಗ ಮುಂದಾಳು ಬಳಗವನ್ನು ಕಾಯಲೇಬೇಕು. ಅಲ್ಲಿ ಮನಸ್ಸಿನ ಬೇಸರ ಕಾರಣವಾಗದು.

ಗೀಗೀ ಮೇಳಕ್ಕೆ ಅಷ್ಟು ಬಿಗಿಯಾದ ಕಟ್ಟು ಬೇಡ. ಆದರೂ ಇಸಾರ (ಮುಂಗಡ) ಪಡೆದ ಊರುಗಳ ಹಾಡಿಕೆ ಮುಗಿಸದೆ ಬಿಡುವುದು ತಪ್ಪು. ಅದರಿಂದ ತನ್ನವರ ಜೊತೆಗೆ ಎದುರು ಮೇಳದವರ ರಾತ್ರಿಯೂ ಕೆಡುತ್ತದೆ. ಸವಾಲೇ ಇಲ್ಲದಿದ್ದರೆ ಜವಾಬು ಯಾರಿಗೆ? ಹಾಡುಗಳನ್ನು ತನ್ನೊಬ್ಬನ ನೆನಪಿನಲ್ಲೇ ಒಯ್ಯುವುದು ಇನ್ನೂ ದೊಡ್ಡ ತಪ್ಪು. ಇಂಡಿ ಸೀಮೆಯ ಹಲಸಂಗಿ ಗೆಳೆಯರು ಲಾವಣಿಗಳನ್ನು ಬರೆದಿಟ್ಟುಕೊಂಡು ‘ಜೀವನ ಸಂಗೀತ’ ಎಂಬ ಸಂಕಲನವಾಗಿ ಅಚ್ಚು ಹಾಕಿಸದಿದ್ದರೆ ಎಷ್ಟೋ ಹಾಡುಗಳು ಹಾಡಿದವರೊಡನೆ ಹೋಗಿಬಿಡುತ್ತಿದ್ದವು.

ಕೊನೆಯದು ಕಾಗದದ ಮಾತು. ಸರ್ಕಾರ ವಯಸ್ಸಾದ ಕಲಾವಿದರಿಗೆ ಕೊಡುವ ಮಾಸಾಶನಕ್ಕೆ ಒಬ್ಬೊಬ್ಬರೂ ಬೇರೆಬೇರೆ ಅರ್ಜಿ ಹಾಕಬೇಕು, ತಾನು ಕಲಾವಿದನೆಂಬುದಕ್ಕೆ ದಾಖಲೆ ಕೊಡಬೇಕು. ಕರಪತ್ರದಲ್ಲಿ ಮುಂದಿನವನ ಹೆಸರಷ್ಟೇ ಇದ್ದು ಕೆಳಗೆ ‘ಮತ್ತು ಸಂಗಡಿಗರು’ ಎಂದಿದ್ದರೆ ತುಂತುಣಿಯವನು ಏನನ್ನು ತೋರಿಸಿಯಾನು? ಮೇಳ ಬಿಡುವವರು ಬಿಡಲಿ. ಬಿಡುವ ಮೊದಲು ಜೊತೆಗೆ ಹಾಡಿದ ಪ್ರತಿಯೊಬ್ಬರ ಹೆಸರು, ಊರು, ಹಾಡಿದ ವರ್ಷಗಳನ್ನು ಬರೆದು, ಸಹಿ ಹಾಕಿ ಅವರ ಕೈಗೆ ಕೊಡಲಿ. ಜಾತ್ರಾ ಕಮಿಟಿಯವರು ಮುಂದಿನ ಕರಪತ್ರದಲ್ಲಿ ಹಿಮ್ಮೇಳದವರ ಹೆಸರುಗಳನ್ನೂ ಅಚ್ಚು ಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ.